ವಾಹನ ಓಡಾಟ ನಿಂತ ಹಳೆಯ ಸೇತುವೆಯನ್ನು ಜನರ ಜಾಗವಾಗಿ ಉಳಿಸಿಕೊಳ್ಳಬೇಕೇ?

ಪರ: ಮೊದಲು ಪರೀಕ್ಷಿಸಿ, ಆಮೇಲೆ ಜನರಿಗೆ ಬಿಡಿ

ಹೊಸ ಸೇತುವೆ ಉದ್ಘಾಟನೆಯಾದ ಕೂಡಲೇ ಪಕ್ಕದ ಹಳೆಯದಕ್ಕೆ ಬ್ಯಾರಿಕೇಡ್ ಬೀಳುತ್ತದೆ. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಗಿಡಗಂಟಿ ಬೆಳೆದು ಕಸ ಸೇರಿರುತ್ತದೆ. ಕೊನೆಗೊಂದು ದಿನ 'ಶಿಥಿಲವಾಗಿದೆ' ಎಂದು ಕೆಡವುವುದಕ್ಕೆ ಟೆಂಡರ್ ಕರೆಯುತ್ತಾರೆ. ಎಷ್ಟೋ ಕಡೆ ಶಿಥಿಲವಾಗಿದ್ದು ಯಾರೂ ನೋಡಿಕೊಳ್ಳದೆ ಬಿಟ್ಟಿದ್ದರಿಂದ, ಅಲ್ವಾ? ಲಾರಿ ಹೊರಲಾಗದ ಸೇತುವೆ ನಡೆಯುವವರನ್ನೂ ಹೊರಲಾರದು ಎಂದು ಪರೀಕ್ಷೆಯನ್ನೇ ಮಾಡದೆ ತೀರ್ಮಾನಿಸುವುದು ಸರಿಯಲ್ಲ.

ಅಮೆರಿಕದ ಚಟನೂಗಾ ನಗರದ ವಾಲ್ನಟ್ ಸ್ಟ್ರೀಟ್ ಸೇತುವೆಯನ್ನು ನೋಡಿ. 1890ರ ಆಸುಪಾಸಿನಲ್ಲಿ ಕಟ್ಟಿದ ಉಕ್ಕಿನ ಸೇತುವೆ ಅದು. 1978ರಲ್ಲಿ ವಾಹನಗಳಿಗೆ ಮುಚ್ಚಿದರು. ಕೆಡವುವ ಮಾತೂ ನಡೆಯಿತು. ಊರಿನವರು ಪಟ್ಟು ಹಿಡಿದರು. ದುರಸ್ತಿಯಾಗಿ 1993ರಲ್ಲಿ ನಡೆಯುವವರಿಗೆ ತೆರೆದುಕೊಂಡಿತು. ಅಲ್ಲಿಂದ ಟೆನೆಸೀ ನದಿಯ ಎರಡೂ ದಡದ ಜನ ಅದರ ಮೇಲೆ ಕಾಲ್ನಡಿಗೆಯಲ್ಲಿ ಓಡಾಡತೊಡಗಿದರು.

ಆ ಸೇತುವೆಗೆ ಘೋರವಾದ ನೆನಪೂ ಇದೆ. ಎಡ್ ಜಾನ್ಸನ್ ಎಂಬ ಕಪ್ಪು ಯುವಕನ ಮರಣದಂಡನೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ ತಡೆಹಿಡಿದಿತ್ತು. ಆದರೂ 1906ರಲ್ಲಿ ಒಂದು ಗುಂಪು ಅವನನ್ನು ಜೈಲಿನಿಂದ ಎಳೆದು ತಂದು ಅಲ್ಲೇ ನೇಣಿಗೇರಿಸಿತು. 2021ರಲ್ಲಿ ಸೇತುವೆಯ ಒಂದು ತುದಿಯಲ್ಲಿ ಅವನ ಸ್ಮಾರಕ ತೆರೆಯಿತು. ಸೇತುವೆಯನ್ನು ಗುಜರಿಗೆ ಹಾಕಿದ್ದರೆ ಆ ಅನ್ಯಾಯ ನಡೆದ ಜಾಗದಲ್ಲೇ ನಿಂತು ಅವನನ್ನು ನೆನೆಯಲು ಆಗುತ್ತಿರಲಿಲ್ಲ. ಹಳೆಯದನ್ನು ಉಳಿಸಿ ಅಂದರೆ ಸುಮ್ನೆ ಚಂದಕ್ಕೆ ಅಂದುಕೊಳ್ಳುವವರು ಇದನ್ನು ಗಮನಿಸಬೇಕು.

ಹಾಗೆಂದು ಎಲ್ಲ ಸೇತುವೆಗೂ ದೊಡ್ಡ ಯೋಜನೆ ಬೇಕಿಲ್ಲ. ಅಮೆರಿಕದ್ದೇ ಮ್ಯಾಸಚೂಸೆಟ್ಸ್‌ನ ಶೆಲ್ಬರ್ನ್ ಫಾಲ್ಸ್‌ನಲ್ಲಿ 1908ರ ಟ್ರಾಲಿ (ಹಳಿಯ ಮೇಲೆ ಓಡುವ ವಿದ್ಯುತ್ ಬಂಡಿ) ಸೇತುವೆಯೊಂದಿದೆ. ಟ್ರಾಲಿ ಓಡಾಟ ನಿಂತಾಗ ಅದನ್ನು ಕೆಡವಲಿಲ್ಲ, ಏಕೆಂದರೆ ನೀರಿನ ಪೈಪು ಅದರ ಮೇಲೇ ಹೋಗಿತ್ತು. 1929ರಲ್ಲಿ ಊರಿನ ಮಹಿಳಾ ಸಂಘ ಅದರ ಮೇಲೆ ಹೂಗಿಡ ನೆಟ್ಟಿತು. ಇವತ್ತಿಗೂ ಜನ ಅದನ್ನು ನೋಡಲು ಬರುತ್ತಾರೆ. ಹಳೆಯ ಸೇತುವೆ ವಾಹನ ಬಿಟ್ಟು ಬೇರೆ ಏನೇನು ಹೊರುತ್ತಿದೆ ಎಂದು ಎಷ್ಟು ಜನ ವಿಚಾರಿಸುತ್ತಾರೆ? ಪೈಪು, ಕೇಬಲ್ಲುಗಳನ್ನು ಬೇರೆ ಕಡೆಗೆ ಸಾಗಿಸುವುದೂ ಕೆಡವುವ ಖರ್ಚಿಗೇ ಸೇರುತ್ತದೆ.

ನನ್ನ ಕೇಳಿದರೆ, ಸೇತುವೆ ಮೇಲೆ ಅಂಗಡಿಗಳ ಸಾಲು ಬೇಡವೇ ಬೇಡ. ನೆರಳು, ಕೂರಲು ಬೆಂಚು, ರಾತ್ರಿ ಬೆಳಕು, ಸೈಕಲ್ಲಿಗೆ ಒಂದು ದಾರಿ ಇಷ್ಟಿದ್ದರೆ ಸಾಕು. ಹೊಸ ಸೇತುವೆಯ ಫುಟ್‌ಪಾತ್ ಮೇಲೆ ಬಸ್ಸಿನ ಗಾಳಿಗೆ ಮೈ ಹಿಡಿ ಮಾಡಿಕೊಂಡು ನಡೆಯುವ ಮುದುಕರಿಗೆ, ಮಗುವಿನ ಕೈ ಹಿಡಿದು ದಾಟುವ ತಾಯಿಗೆ ಪಕ್ಕದಲ್ಲೇ ವಾಹನಗಳಿಲ್ಲದ ದಾರಿ ಇದೆ. ಅದು ಇದ್ದೂ ಬೀಗ ಹಾಕಿಟ್ಟಿರುವುದು ನನಗೆ ಸಿಟ್ಟು ತರಿಸುತ್ತದೆ. ದುಡ್ಡು ಕೊಡದೆ, ಏನನ್ನೂ ಕೊಳ್ಳದೆ ನದಿಯ ನಡುವೆ ಒಂದು ಗಂಟೆ ಕೂರುವ ಅವಕಾಶ ನಗರದಲ್ಲಿ ಬೇರೆಲ್ಲಿ ಸಿಗುತ್ತದೆ?

ವಿರೋಧ: ಜನರೂ ಭಾರವೇ

ವಾಹನಕ್ಕಾಗದಿದ್ದರೂ ನಡೆಯುವವರಿಗೆ ಆಗುತ್ತದೆ ಎಂಬ ಮಾತು ಎಲ್ಲರಿಗೂ ಸುಲಭವಾಗಿ ಒಪ್ಪಿಗೆಯಾಗುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಸಣ್ಣ ಕಾರಿನ ತೂಕ ಸುಮಾರು ಒಂದು ಟನ್. ಟ್ರಾಫಿಕ್ಕಿನಲ್ಲಿ ನಿಂತಾಗ ಅದು ಸುತ್ತಲಿನ ಖಾಲಿ ಜಾಗವೂ ಸೇರಿ ಹತ್ತು ಚದರ ಮೀಟರಿಗಿಂತ ಜಾಸ್ತಿ ಹಿಡಿಯುತ್ತದೆ. ಅಂದರೆ ಒಂದು ಚದರ ಮೀಟರಿಗೆ ನೂರು ಕಿಲೋ ಕೂಡ ಬೀಳುವುದಿಲ್ಲ. ಅದೇ ಒಂದು ಚದರ ಮೀಟರಿನಲ್ಲಿ ನಾಲ್ಕೈದು ಜನ ಒತ್ತಿಕೊಂಡು ನಿಂತರೆ ಇನ್ನೂರೈವತ್ತು, ಮುನ್ನೂರು ಕಿಲೋ. ಲಾರಿಯ ಚಕ್ರ ಒಂದೇ ಕಡೆ ಹೆಚ್ಚು ಒತ್ತುತ್ತದೆ, ನಿಜ. ಆದರೆ ಸೇತುವೆಯ ಉದ್ದಕ್ಕೂ ಜನ ತುಂಬಿದಾಗ ಬೀಳುವ ಭಾರ ಸಣ್ಣದಲ್ಲ. 1987ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆಯ 50ನೇ ವರ್ಷದ ಹಬ್ಬಕ್ಕೆ ಸುಮಾರು 3 ಲಕ್ಷ ಜನ ಅದರ ಮೇಲೆ ಸೇರಿದ್ದರು. ಮೇಲಕ್ಕೆ ಬಾಗಿದ್ದ ಅದರ ನಡುಭಾಗ ಚಪ್ಪಟೆಯಾಯಿತು. ಅದು ಗಟ್ಟಿ ಸೇತುವೆ, ತಡೆದುಕೊಂಡಿತು.

ಮೋರ್ಬಿಯಲ್ಲಿ ತಡೆಯಲಿಲ್ಲ. ಗುಜರಾತಿನ ಮಚ್ಛು ನದಿಯ ಮೇಲಿನ ಆ 19ನೇ ಶತಮಾನದ ತೂಗುಸೇತುವೆ ದುರಸ್ತಿಯಾಗಿ ತೆರೆದ ಕೆಲವೇ ದಿನಗಳಲ್ಲಿ, 2022ರ ಅಕ್ಟೋಬರ್ 30ರಂದು, ಕುಸಿಯಿತು. 130ಕ್ಕೂ ಹೆಚ್ಚು ಜನ ಸತ್ತರು, ಮಕ್ಕಳೂ ಸೇರಿ. ಕೇಬಲ್ಲಿನ ತಂತಿಗಳಿಗೆ ತುಕ್ಕು ಹಿಡಿದಿದ್ದು ತನಿಖೆಯಲ್ಲಿ ಗೊತ್ತಾಯಿತು. ಕಾಲಿಡುವ ಹಾಸು ಮಾತ್ರ ಹೊಸದಾಗಿತ್ತು. ವಾಹನ ಒಂದೂ ಇರಲಿಲ್ಲ, ರಜೆಗೆಂದು ಬಂದ ಜನರಷ್ಟೇ ಇದ್ದರು. ಹಳೆಯ ಸೇತುವೆಯನ್ನು ಸುಂದರ ತಾಣ ಮಾಡೋಣ ಎನ್ನುವ ಪ್ರತಿ ಸಭೆಯಲ್ಲೂ ಮೊದಲು ಇದು ಚರ್ಚೆಯಾಗಬೇಕು.

ಹೂದೋಟದ ಕನಸಿಗೂ ತೂಕವಿದೆ. ಒಂದಡಿ ದಪ್ಪದ ಮಣ್ಣು ಮಳೆಯಲ್ಲಿ ನೆನೆದರೆ ಚದರ ಮೀಟರಿಗೆ ಅರ್ಧ ಟನ್ ದಾಟುತ್ತದೆ. ಅದು ಹಬ್ಬದ ದಿನ ಬಂದು ಹೋಗುವ ಭಾರವಲ್ಲ, ಹಗಲೂ ರಾತ್ರಿ ಅಲ್ಲೇ ಇರುತ್ತದೆ. ಜೊತೆಗೆ ಅದರ ತೇವ ಕೆಳಗಿನ ಉಕ್ಕಿಗೆ ಇಳಿಯದಂತೆ ನೋಡಿಕೊಳ್ಳಬೇಕು.

ಕಣ್ಣಿಗೆ ಕಾಣದ ಅಪಾಯ ನೀರಿನ ಕೆಳಗಿದೆ. ಪ್ರವಾಹ ಕಂಬದ ಬುಡದ ಮಣ್ಣನ್ನು ಕೊರೆದು ತೆಗೆಯುತ್ತದೆ. ಸೇತುವೆಗಳು ಬೀಳುವುದಕ್ಕೆ ಜಗತ್ತಿನೆಲ್ಲೆಡೆ ಇದು ಬಹಳ ದೊಡ್ಡ ಕಾರಣ. ಮೇಲೆ ಬೆಂಚು, ದೀಪ ಹಾಕಿದರೆ ಬುಡ ಗಟ್ಟಿಯಾಗುವುದಿಲ್ಲ. ಮುಳುಗುಗಾರರನ್ನು ಇಳಿಸಿ ಆಗಾಗ ನೋಡಿಸಬೇಕು. ರಿಬ್ಬನ್ ಕತ್ತರಿಸುವ ವರ್ಷ ಈ ಕೆಲಸಕ್ಕೆ ಹಣ ಇರುತ್ತದೆ, ಹತ್ತನೇ ವರ್ಷ ಇರುತ್ತದೆಯೇ? ಹಳೆಯ ಎತ್ತರಿಸಿದ ರೈಲು ಹಾದಿಯನ್ನೇ ಉದ್ಯಾನ ಮಾಡಿದ ನ್ಯೂಯಾರ್ಕಿನ ಹೈಲೈನ್ ಎಲ್ಲರ ಬಾಯಲ್ಲಿದೆ. ಅದನ್ನು ನೋಡಿಕೊಳ್ಳುವ ಖರ್ಚಿನ ಬಹುಪಾಲು ಖಾಸಗಿ ದಾನಿಗಳಿಂದ ಬರುತ್ತದೆ. ಅಷ್ಟು ಸಿರಿವಂತ ದಾನಿಗಳು ಎಲ್ಲ ನಗರಗಳಿಗೂ ಸಿಗುವುದಿಲ್ಲ. ಅಲ್ಲಿ ಸುತ್ತಲಿನ ಮನೆಗಳ ಬೆಲೆ ಏರಿದ್ದನ್ನೂ ಮರೆಯುವ ಹಾಗಿಲ್ಲ. ಎಲ್ಲರಿಗೆಂದು ಹೇಳಿ ಮಾಡಿದ ಜಾಗದ ಪಕ್ಕದಲ್ಲಿ ಬಡವರೇ ಬದುಕಲಾಗದಿದ್ದರೆ ಅದು ಯಾರಿಗಾಗಿ?

ನಡೆಯುವವರ ಕಷ್ಟದ ಬಗ್ಗೆ ಪರವಾದಿಗಳು ಹೇಳಿದ್ದು ಸತ್ಯ. ಹಾಗಿದ್ದರೆ ಹೊಸ ಸೇತುವೆಯ ನಕ್ಷೆಯಲ್ಲೇ ಅಗಲವಾದ ಫುಟ್‌ಪಾತು, ನಡುವೆ ಗಟ್ಟಿ ತಡೆಗೋಡೆ ಕೇಳಬೇಕು. ಹಳೆಯದರ ಅಳತೆ, ಚಿತ್ರ ದಾಖಲಿಸಿ, ಒಂದು ಗರ್ಡರನ್ನು (ಸೇತುವೆಯ ಭಾರ ಹೊರುವ ಉದ್ದ ತೊಲೆ) ದಡದಲ್ಲಿ ಇಡಿ. ಉಳಿದದ್ದನ್ನು ಪೂರ್ತಿ ಇಳಿಸಿ, ಕಂಬಗಳನ್ನೂ ಬಿಡದೆ ತೆಗೆಯಿರಿ. ಹೊಳೆಯಲ್ಲಿ ಉಳಿದ ಕಂಬಗಳಿಗೆ ಪ್ರವಾಹದಲ್ಲಿ ಬರುವ ಮರದ ದಿಮ್ಮಿ ಸಿಕ್ಕಿಕೊಂಡರೆ ನೀರು ಹಿಂದಕ್ಕೆ ಏರಿ ತಗ್ಗಿನ ಮನೆಗಳಿಗೆ ನುಗ್ಗುತ್ತದೆ.