ಕಸೂತಿಯನ್ನು ತಿರುಗಿಸಿ ನೋಡಿ, ಬೆಲೆಯನ್ನೂ ಬಿಡಿಸಿ ನೋಡಿ

ಕಸೂತಿ ಹಾಕಿದ ಬಟ್ಟೆಯ ಬೆಲೆ ಹೇಳಿದ ಕೂಡಲೇ ಎರಡು ಪ್ರಶ್ನೆಗಳು ಬರುತ್ತವೆ. ಇಷ್ಟೇಕೆ? ಎಷ್ಟು ಕಡಿಮೆ ಮಾಡುತ್ತೀರಿ? ಮೊದಲನೆಯದು ನ್ಯಾಯವಾದ ಪ್ರಶ್ನೆ. ಅದಕ್ಕೆ ಪೂರ್ತಿ ಉತ್ತರ ಕೊಡುವುದು ಮಾರುವವರ ಜವಾಬ್ದಾರಿ. ಎರಡನೆಯದಕ್ಕೆ ಧಾರವಾಡದ ನಮ್ಮ ಸಣ್ಣ ಘಟಕದಲ್ಲಿ ಒಂದೇ ಉತ್ತರ: ಇಲ್ಲ. ಹಬ್ಬಕ್ಕೂ ಇಲ್ಲ, ಪರಿಚಯದವರಿಗೂ ಇಲ್ಲ. ಇದು ಗರ್ವ ಎಂದುಕೊಂಡವರಿದ್ದಾರೆ. ಹಾಗಾಗಿ ಲೆಕ್ಕವನ್ನೇ ಮುಂದಿಡುತ್ತೇನೆ.

ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಎಳೆಯುವುದಿಲ್ಲ, ಅಚ್ಚು ಒತ್ತುವುದಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತಲೇ ಸೂಜಿ ಸಾಗಬೇಕು. ಗವಂತಿ ಎಂಬ ಹೊಲಿಗೆಯಲ್ಲಿ ಒಂದು ಎಳೆ ತಪ್ಪಿದರೆ ಗೋಪುರದ ಚಿತ್ತಾರದ ಒಂದು ಬದಿ ವಾಲುತ್ತದೆ, ತಪ್ಪಿದ ಜಾಗದವರೆಗೂ ಬಿಚ್ಚಿ ಮತ್ತೆ ಹಾಕಬೇಕು. ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬುವುದು ಗವಂತಿ. ಅದೇ ಕ್ರಮದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಾಗುವುದು ಮುರಿಗಿ. ಎರಡರಲ್ಲೂ ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣಬೇಕು. ನೇಯ್ದಂತೆ ಕಾಣುವ ನೇಗಿ ಮತ್ತು ಅಡ್ಡಹೊಲಿಗೆಯ ಮೆಂಥಿಯಲ್ಲಿ ಹಿಂಬದಿ ಬೇರೆಯಾಗಿರುತ್ತದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಹಿಂದೆ ಮುಂದೆ ಒಂದೇ ರೀತಿ ಇಲ್ಲದಿದ್ದರೆ ಅದು ಅಸಲಿಯೇ ಅಲ್ಲ ಎಂಬ ಮಾತು ಎಲ್ಲೆಡೆ ಹಬ್ಬಿದೆ. ಅದನ್ನು ನಂಬಿ ಒಳ್ಳೆಯ ಮೆಂಥಿ ಕೆಲಸವನ್ನು ಕೈಬಿಟ್ಟು ಹೋಗುವ ಗಿರಾಕಿಗಳನ್ನು ಕಂಡಾಗ ಅದನ್ನು ಹಾಕಿದವಳಿಗಾಗಿ ಸಂಕಟವಾಗುತ್ತದೆ.

ಬಟ್ಟೆಯನ್ನು ಖಂಡಿತ ತಿರುಗಿಸಿ ನೋಡಿ, ಆದರೆ ಏನನ್ನು ನೋಡುತ್ತಿದ್ದೇವೆ ಎಂದು ತಿಳಿದು ನೋಡಿ. ಕಂಪ್ಯೂಟರ್ ಯಂತ್ರದ ಕಸೂತಿಯಲ್ಲಿ ಕೆಳಗಿನ ಬಾಬಿನ್ ದಾರ ಹಿಂಬದಿಯಲ್ಲಿ ಒತ್ತಾಗಿ ಕೂತಿರುತ್ತದೆ, ಎಷ್ಟೋ ಸಲ ಆಧಾರಕ್ಕೆ ಇಟ್ಟ ತೆಳು ಹಾಳೆಯ ಚೂರುಗಳೂ ಸಿಗುತ್ತವೆ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಕಡಿಮೆ ಬೆಲೆಗೆ ತೇರು, ಆನೆ, ತುಳಸಿಕಟ್ಟೆ ಇರುವ ಸೀರೆ ಉಡುವ ಆಸೆ ಯಾರಿಗೂ ಇರಬಹುದು, ಆ ಚಿತ್ತಾರಗಳು ಯಾರೊಬ್ಬರ ಸ್ವತ್ತೂ ಅಲ್ಲ. ಯಂತ್ರದ್ದಕ್ಕೆ ಕೈಕಸೂತಿ ಎಂದು ಚೀಟಿ ಹಚ್ಚುವುದು ಮಾತ್ರ ಮೋಸ. ಒಂದು ಪ್ರದೇಶದ ವಿಶಿಷ್ಟ ಉತ್ಪನ್ನಕ್ಕೆ ಕೊಡುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಕಸೂತಿಗೆ ಇದೆ. ಹೆಸರಿಗೆ ಕಾನೂನಿನ ರಕ್ಷಣೆ ಇದೆ ಎಂದಾಯಿತು. ಆದರೆ ಅಂಗಡಿಯ ಕಟ್ಟೆಯ ಮೇಲೆ ಆ ಹೆಸರನ್ನು ಕಾಯುವವರು ಮಾರುವವರು ಮತ್ತು ಕೊಳ್ಳುವವರು ಮಾತ್ರ.

ಈಗ ಲೆಕ್ಕ. ಒಂದು ಕುಪ್ಪಸದ ತುಂಡಿಗೆ 40 ಗಂಟೆಯ ಕೆಲಸ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 100 ರೂಪಾಯಿ ಎಂದರೂ ಕೂಲಿಯೇ 4,000. ಬಟ್ಟೆ, ದಾರ ಸೇರಿ 1,500. ಬಾಡಿಗೆ, ಫೋಟೊ, ಕೊರಿಯರ್, ಮಾರಾಟವಾಗದೆ ಉಳಿಯುವ ಮಾಲು, ನಡೆಸುವವರ ದುಡಿಮೆ ಎಲ್ಲಕ್ಕೂ 2,500. ಒಟ್ಟು 8,000. ಇದರಲ್ಲಿ ಶೇ. 20 ರಿಯಾಯಿತಿ ಕೊಟ್ಟರೆ 1,600 ರೂಪಾಯಿ ಹೋಯಿತು. ಅದು ಎಲ್ಲಿಂದ ಬರಬೇಕು? ದಾರದ ಅಂಗಡಿಯವನು ನಮ್ಮ ಹಬ್ಬ ನೋಡಿ ಬೆಲೆ ಇಳಿಸುವುದಿಲ್ಲ. ಕೊರಿಯರ್‌ನವನೂ ಇಳಿಸುವುದಿಲ್ಲ. ಮನೆಯ ಬಾಗಿಲಲ್ಲಿ ಬೆಳಕಿಗೆ ಕುಳಿತು ಎಳೆ ಎಣಿಸುವವಳೊಬ್ಬಳೇ ಇಳಿಸಲು ಒಪ್ಪುವವಳು, ಏಕೆಂದರೆ ಈ ಕೆಲಸವೂ ತಪ್ಪಿಹೋದೀತು ಎಂಬ ಅಂಜಿಕೆ ಅವಳಿಗಿದೆ. ನಮ್ಮ ಕರಕುಶಲ ವ್ಯಾಪಾರದಲ್ಲಿ ರಿಯಾಯಿತಿ ಎಂದು ಘೋಷಿಸುವುದರಲ್ಲಿ ಬಹುಪಾಲು ಈ ಅಂಜಿಕೆಯಿಂದಲೇ ಹುಟ್ಟಿದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದ್ದರಿಂದ ಪ್ರತಿ ತುಂಡಿನ ಜೊತೆ ಒಂದು ಚೀಟಿ ಇಡುತ್ತೇವೆ. ಬಟ್ಟೆಗೆ ಎಷ್ಟು, ಕೂಲಿ ಎಷ್ಟು, ನಮಗೆ ಎಷ್ಟು, ಯಾವ ಯಾವ ಹೊಲಿಗೆ, ಎಲ್ಲವೂ ಕನ್ನಡದಲ್ಲಿ. ಕಸೂತಿ ಹಾಕುವವರೂ ಆ ಚೀಟಿಯನ್ನು ಓದುತ್ತಾರೆ. ತನ್ನ ಕೆಲಸ ಎಷ್ಟಕ್ಕೆ ಮಾರಾಟವಾಗುತ್ತದೆ ಎಂದು ಮಾಡಿದವಳಿಗೇ ತಿಳಿಯದ ವ್ಯಾಪಾರವನ್ನು ಗಿರಾಕಿ ಯಾಕೆ ನಂಬಬೇಕು? ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ಚರಕ ನನಗೆ ಬಹಳ ಇಷ್ಟವಾಗುವುದು ಇದೇ ಕಾರಣಕ್ಕೆ. ಅದು ಮಹಿಳೆಯರ ಸಹಕಾರ ಸಂಘ, ಅಲ್ಲಿ ಬಣ್ಣ ಹಾಕುವವರು, ನೇಯುವವರು, ಹೊಲಿಯುವವರು ಆಳುಗಳಲ್ಲ. ನಾವು ಇನ್ನೂ ಅಷ್ಟು ದೂರ ಹೋಗಿಲ್ಲ, ಹೋಗಬೇಕೆಂಬ ಆಸೆ ಇದೆ.

ಕೂಲಿ ಎಷ್ಟು ಎಂಬಷ್ಟೇ ಮುಖ್ಯ, ಯಾವಾಗ ಎಂಬುದು. ಕೆಲಸ ತಂದೊಪ್ಪಿಸಿದ ದಿನವೇ ರೊಕ್ಕ ಕೈಗೆ ಬರಬೇಕು. "ಸೀರೆ ಹೋದ ಮೇಲೆ ಕೊಡುತ್ತೇನೆ" ಎನ್ನುವುದೆಂದರೆ ವ್ಯಾಪಾರದ ನಷ್ಟಭಯವನ್ನು ಬಂಡವಾಳವೇ ಇಲ್ಲದವರ ತಲೆಗೆ ಕಟ್ಟಿದಂತೆ. ತಂದೊಪ್ಪಿಸಿದ ದಿನವೇ ಕೊಡಬೇಕಾದರೆ ಪ್ರತಿ ಮಾರಾಟದಲ್ಲೂ ಒಂದು ಪಾಲನ್ನು ಮುಂದಿನ ಕೂಲಿಗೆಂದು ಎತ್ತಿಡಬೇಕು, ಅದನ್ನು ಬೇರೆ ಯಾವುದಕ್ಕೂ ಮುಟ್ಟಬಾರದು. ಹೊಸದಾಗಿ ಶುರು ಮಾಡುವವರು ಲೋಗೊ, ಡಬ್ಬಿ, ಜಾಹೀರಾತಿಗಿಂತ ಮೊದಲು ಈ ಗಂಟನ್ನು ಕಟ್ಟಿಕೊಳ್ಳಿ.

ಅಂಗಡಿಗಳ ಉದ್ರಿ ಇನ್ನೊಂದು ಪೀಡೆ. ಮಾರಾಟವಾದರೆ ಕೊಡುತ್ತೇವೆ ಎಂದು ಮಾಲು ತರಿಸಿಕೊಂಡ ನಗರದ ಅಂಗಡಿಯೊಂದು ಹಂಗಾಮು ಮುಗಿದ ಮೇಲೆ ಸೀರೆಗಳನ್ನು ಮಡಿಕೆಯ ಕಲೆಯೊಂದಿಗೆ ವಾಪಸು ಕಳಿಸಿತ್ತು. ಈಗ ನೇರ ಖರೀದಿಗೆ ಒಪ್ಪುವವರಿಗೆ ಮಾತ್ರ ಕೊಡುತ್ತೇವೆ, ಅದೂ ಬರಹದ ಮೇಲೆ. ನಮ್ಮಂಥವರಲ್ಲಿ ಅನೇಕರಿಗೆ ತಿಳಿಯದ ಸಂಗತಿಯೊಂದಿದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ಉದ್ಯಮ್ ಎಂಬ ಸರ್ಕಾರಿ ನೋಂದಣಿ ಇರುವ ಸಣ್ಣ ತಯಾರಕರಿಂದ ಕೊಂಡವರು ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನೋಂದಣಿ ಉಚಿತ. ದಯವಿಟ್ಟು ಮಾಡಿಸಿಕೊಳ್ಳಿ. ಕಾನೂನಿನ ಹೆಸರೆತ್ತಿದರೆ ಅಂಗಡಿ ಕೈತಪ್ಪುತ್ತದೆ ಎಂಬ ಭಯ ನನಗೆ ಅರ್ಥವಾಗುತ್ತದೆ. ಆದರೆ ಹಣ ಕೊಡದ ಅಂಗಡಿ ಕೈಯಲ್ಲಿದ್ದು ಮಾಡುವುದೇನು?

ಬೆಳೆಯುವುದಿಲ್ಲವೇ ಎಂದು ಹಿತೈಷಿಗಳು ಕೇಳುತ್ತಾರೆ. ಬೆಳೆಯಬೇಕು, ಕೈಗಳು ಬೆಳೆದಷ್ಟೇ. ಹೊಸಬಳೊಬ್ಬಳು ಗವಂತಿಯಲ್ಲಿ ಪಳಗಲು ತಿಂಗಳುಗಳೇ ಬೇಕು. ಮದುವೆಯ ಹಂಗಾಮಿನಲ್ಲಿ ಬಂದ ಆರ್ಡರ್‌ಗಳನ್ನೆಲ್ಲ ಬಾಚಿಕೊಂಡರೆ ಉಳಿಯುವುದು ಎರಡೇ ದಾರಿ: ರಾತ್ರಿ ದೀಪದಲ್ಲಿ ಕಣ್ಣು ಕೆಡಿಸಿಕೊಂಡು ಹಾಕಿಸುವುದು, ಇಲ್ಲವೇ ಗುಟ್ಟಾಗಿ ಯಂತ್ರಕ್ಕೆ ಕೊಡುವುದು. ನಾವು ಆರ್ಡರ್ ಪುಸ್ತಕ ಮುಚ್ಚುತ್ತೇವೆ. ಮುಂದಿನ ಜಾಗ ಯಾವ ತಿಂಗಳಲ್ಲಿದೆ ಎಂದು ಹೇಳುತ್ತೇವೆ. ಬೇಸರಪಟ್ಟುಕೊಂಡು ಹೋದವರಲ್ಲಿ ಕೆಲವರು ಮರುವರ್ಷ ಮೊದಲೇ ಬರೆದು ಕೇಳುತ್ತಾರೆ.

ಈ ಸಲದ ಮದುವೆ ಕೆಲಸಗಳು ತುಂಬಿವೆ. ಸೀರೆ ಬೇಕಾದವರು ಯುಗಾದಿಯ ನಂತರದ್ದಕ್ಕೆ ಹೆಸರು ಬರೆಸಬಹುದು. ಮುಂಗಡ ಅರ್ಧ, ಅದು ನೇರ ಕೂಲಿಯ ಗಂಟಿಗೆ ಹೋಗುತ್ತದೆ. ಅಂಗಡಿಯವರು ಬರೆಯುವುದಾದರೆ ಕೈ ಯಾವುದು, ಯಂತ್ರ ಯಾವುದು ಎಂದು ನಿಮ್ಮಲ್ಲಿ ಚೀಟಿ ಹಚ್ಚುತ್ತೀರಾ ಎಂಬುದನ್ನು ಮೊದಲ ಸಾಲಿನಲ್ಲೇ ತಿಳಿಸಿ.