ಕಾಂಡಕೊರಕವೂ ಹಾಸ್ಟೆಲ್ ಗೇಟೂ

ಕೆಲವು ವರ್ಷ ಹಾಸನದ ಒಂದು ಕಾಲೇಜಿನಲ್ಲಿ ಹಾಸ್ಟೆಲ್ ವಾರ್ಡನ್ ಆಗಿದ್ದೆ. ಗೇಟು ಹಾಕುತ್ತಿದ್ದದ್ದು ರಾತ್ರಿ ಹತ್ತಕ್ಕೆ. ಹುಡುಗರ ಕುಡಿತ ಜಾಸ್ತಿಯಾಯ್ತು ಅಂತ ಎಂಟೂವರೆಗೆ ಇಳಿಸಿದೆವು. ಆಮೇಲೆ ಎಂಟೂಕಾಲಿಗೆ ಬಾಯಿ ತುಂಬ ಸೋಂಪು ಹಾಕಿಕೊಂಡು ಓಡಿ ಬರುವವರು ಶುರುವಾದರು. ಮುಖ ಆ ಕಡೆ ತಿರುಗಿಸಿ "ಊಟ ಆಯ್ತಾ ಸಾರ್" ಅಂದವನೇ ಎಲ್ಲರಿಗಿಂತ ಜಾಸ್ತಿ ಹಾಕಿದವನು.

ಮೊದಲು ಕೂತು ಹರಟೆ ಹೊಡೆಯುತ್ತಾ ಕುಡಿಯುತ್ತಿದ್ದವರು ಈಗ ಇಪ್ಪತ್ತು ನಿಮಿಷದಲ್ಲಿ ಕ್ವಾರ್ಟರ್ ಸುರಿದುಕೊಂಡು ಬರುತ್ತಿದ್ದರು. 180 ಎಂಎಲ್ ಅಂದರೆ ಆರು ಸಣ್ಣ ಪೆಗ್. ಒಂದು ಪೆಗ್ ಕರಗಿಸಲು ಲಿವರ್‌ಗೆ ಹೆಚ್ಚುಕಮ್ಮಿ ಒಂದು ಗಂಟೆ ಬೇಕು. ಅದಕ್ಕೆ ನಮ್ಮ ಗೇಟಿನ ಟೈಮ್ ಗೊತ್ತಿಲ್ಲ!

ನಮ್ಮದು ಮೂಡಿಗೆರೆ ಕಡೆ ಅರೇಬಿಕಾ ಕಾಫಿ ತೋಟ. ಕಾಂಡ ಕೊರೆದು ಒಳಗೇ ತಿನ್ನುವ ಬಿಳಿ ಕಾಂಡಕೊರಕ ಹುಳ ಬಿದ್ದ ಗಿಡವನ್ನು ಅಪ್ಪ ಕಿತ್ತು ಸುಡುತ್ತಿದ್ದರು. ಸುಡಲೇಬೇಕು, ಬೇರೆ ದಾರಿ ಇಲ್ಲ. ಆದರೆ ಆಮೇಲೆ ಅವರು ನೋಡುತ್ತಿದ್ದದ್ದು ನೆಲವನ್ನಲ್ಲ, ಮೇಲೆ. ನೆರಳು ಎಲ್ಲಿ ತೆಳ್ಳಗಾಗಿದೆ ಅಂತ. ಬಿಸಿಲು ಬಿದ್ದ ಕಾಂಡಕ್ಕೇ ಆ ದುಂಬಿ ಬಂದು ಮೊಟ್ಟೆ ಇಡೋದು. ನೆರಳಿನ ಮರ ಬೋಳು ಮಾಡಿ ಗಿಡ ಕೀಳುತ್ತಾ ಕೂತರೆ ತೋಟವೇ ಖಾಲಿ.

ಹಾಸ್ಟೆಲ್‌ನಲ್ಲಿ ನಾವು ಮಾಡಿದ್ದು ಬರೀ ಕೀಳುವ ಕೆಲಸ. ಮೂವರನ್ನು ಹೊರಗೆ ಹಾಕಿದೆವು. ಅವರು ಪಿಜಿ ಹಿಡಿದರು, ಆ ರೂಮೇ ಜೂನಿಯರ್‌ಗಳ ಅಡ್ಡೆ ಆಯ್ತು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಒಂದು ರಾತ್ರಿ ಫಸ್ಟ್ ಇಯರ್ ಹುಡುಗನೊಬ್ಬ ವಾಂತಿ ಮಾಡಿ ಪ್ರಜ್ಞೆ ಇಲ್ಲದೆ ಅಂಗಾತ ಬಿದ್ದಿದ್ದ. ಗೆಳೆಯರು ಒಳಗಿನಿಂದ ಚಿಲಕ ಹಾಕಿಕೊಂಡು ಮುಖಕ್ಕೆ ನೀರು ಎರಚುತ್ತಿದ್ದರು. ಮಗ್ಗುಲಿಗೆ ಮಲಗಿಸಬೇಕು, 108ಕ್ಕೆ ಫೋನ್ ಮಾಡಬೇಕು ಅಂತ ಗೊತ್ತಿಲ್ಲದವರಲ್ಲ. ಸಸ್ಪೆಂಡ್ ಆಗ್ತೀವಿ ಅನ್ನೋ ಭಯ. ಆ ಭಯ ಹುಟ್ಟಿಸಿದ್ದು ನಾನೇ. ಹುಡುಗ ಉಳಿದ, ಬಿಡಿ.

ಕಾನೂನು ಇಲ್ಲ ಅಂತಲ್ಲ. ಕಾಲೇಜಿನಿಂದ 100 ಮೀಟರ್ ಒಳಗೆ ಬಾರ್ ಇರಬಾರದು, 21 ಆಗದವರಿಗೆ ಮಾರಬಾರದು. ಆದರೆ 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ಬರಲಿ ಅಂತ ಕಾದು ಕೂತಿದ್ದೂ ಇದೇ ರಾಜ್ಯ ಸರ್ಕಾರ ಅಲ್ವಾ?

ಇನ್ನೊಂದು ಸಲ ಕ್ಲಾಸಲ್ಲಿ ಹೆಸರಿಲ್ಲದ ಚೀಟಿ ಬರೆಸಿದೆ. ನೀನು ಕುಡಿಯುತ್ತೀಯಾ, ಉಳಿದವರಲ್ಲಿ ಎಷ್ಟು ಜನ ಕುಡಿಯಬಹುದು ಅಂತ. "ಎಲ್ರೂ ಕುಡೀತಾರೆ ಸಾರ್" ಅಂತ ಬರೆದವರಲ್ಲೇ ಎಷ್ಟೋ ಜನ ತಾವು ಮುಟ್ಟಿಯೇ ಇರಲಿಲ್ಲ. ಅಮೆರಿಕದಲ್ಲಿ ಪರ್ಕಿನ್ಸ್ ಮತ್ತು ಬರ್ಕೊವಿಟ್ಜ್ ಅನ್ನೋ ಸಂಶೋಧಕರು 1986ರಲ್ಲೇ ಕಾಲೇಜು ಹುಡುಗರಲ್ಲಿ ಇದನ್ನೇ ಕಂಡಿದ್ದರು. ಇಲ್ಲದ ಗುಂಪಿಗೆ ಸೇರಲು ಹೋಗಿ ಮೊದಲ ಗ್ಲಾಸ್ ಎತ್ತುತ್ತಾರೆ. ಆ ಗ್ಲಾಸ್ ನೋಡಿ ಪಕ್ಕದವನಿಗೂ ಹಾಗೇ ಅನ್ನಿಸುತ್ತೆ. ಚೀಟಿಯ ಲೆಕ್ಕ ಬೋರ್ಡ್ ಮೇಲೆ ಬರೆದಾಗ ಕ್ಲಾಸ್ ಗಪ್‌ಚಿಪ್.

ಕೊನೆಯ ವರ್ಷ ಗೇಟನ್ನು ಮತ್ತೆ ಹತ್ತಕ್ಕೆ ತಂದೆವು. ಕುಡಿದವನನ್ನು ಆಸ್ಪತ್ರೆಗೆ ಸೇರಿಸಲು ಕರೆದವರಿಗೆ ಶಿಕ್ಷೆ ಇಲ್ಲ ಅಂತ ನೋಟಿಸ್ ಹಾಕಿದೆವು. ಆರಕ್ಕೇ ಬೀಗ ಬೀಳುತ್ತಿದ್ದ ಗ್ರೌಂಡಿನ ಕೀ ಹುಡುಗರ ಕೈಗೇ ಕೊಟ್ಟೆ. ಕುಡಿತ ನಿಂತಿತು ಅಂದರೆ ಸುಳ್ಳಾಗುತ್ತದೆ. ಆದರೆ ಆ ವರ್ಷ ಎರಡು ಸಲ ನಡುರಾತ್ರಿ ಹುಡುಗರೇ ಬಂದು ನನ್ನ ಬಾಗಿಲು ಬಡಿದರು.