ಕೋಲಿಗೂ ಅಳತೆ ಐತ್ರಿ

ಸಿಟ್ಟು ಇಳಿಯೋ ಮೊದಲೇ ಬರೀತಿದೀನಿ, ಆಮೇಲೆ ಬರೆದ್ರೆ ಮೆತ್ತಗಾಗ್ತೀನಿ.

ಇವತ್ತು ನಮ್ಮ ಬಳ್ಳಾರಿಯ ಒಂದು ಕಲ್ಯಾಣ ಮಂಟಪದಲ್ಲಿ ವಯಸ್ಸಾದವರಿಗೆ, ಅಂಗವಿಕಲರಿಗೆ ಕೋಲು, ಊರುಗೋಲು, ವಾಕರ್ ಹಂಚೋ ಕಾರ್ಯಕ್ರಮ ಇತ್ತು. ಯಾರು ಮಾಡಿದ್ದು ಅಂತ ಹೇಳಲ್ಲ, ಇನ್‌ಬಾಕ್ಸಿಗೆ ಬಂದು ಕೇಳಲೂಬೇಡಿ. ನನ್ನನ್ನ ಕರೆದಿದ್ದು ‘ಸಾಧಕ’ ಅಂತ ಶಾಲು ಹೊದಿಸೋಕೆ. ಪೋಲಿಯೋ ಕಾಲಿಟ್ಕೊಂಡು ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್ ಆಗೋದು ಅದೇನು ಸಾಧನೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ಕತ್ತರಿ ಹಿಡಿಯೋದು ಕೈಯಲ್ಲಿ ತಾನೇ?

ಎದುರುಗಡೆ ಮೇಜಿನ ಮೇಲೆ ಅಲ್ಯೂಮಿನಿಯಂ ಕೋಲುಗಳ ರಾಶಿ. ಎಲ್ಲಾ ಒಂದೇ ಎತ್ತರ, ಪೆಟ್ಟಿಗೆಯಿಂದ ತೆಗೆದದ್ದು ಹಂಗೇ. ಹೆಸರು ಕೂಗ್ತಾರೆ, ಅಜ್ಜಿ ಬರ್ತಾಳೆ, ಗಣ್ಯರು ಕೋಲು ಕೊಡ್ತಾರೆ, ಎಲ್ಲರೂ ಕ್ಯಾಮೆರಾ ಕಡೆ ತಿರುಗ್ತಾರೆ, ಮುಂದಿನ ಹೆಸರು. ಅಷ್ಟೇ. ಒಬ್ಬರೂ, ಒಬ್ಬರೇ ಒಬ್ಬರೂ, ಆ ಕೋಲು ಆ ಅಜ್ಜಿ ಎತ್ತರಕ್ಕೆ ಸರಿಯಾಯ್ತಾ ಅಂತ ನೋಡ್ಲಿಲ್ಲ.

ಬ್ರೂಸ್‌ಪೇಟೆ ಕಡೆಯಿಂದ ಬಂದಿದ್ದ ಒಬ್ಬ ಅವ್ವ ನನ್ನ ಪಕ್ಕದಲ್ಲೇ ಬಂದು ಕೂತಳು. ನಾಲ್ಕೂವರೆ ಅಡಿ ಇದ್ದಾಳೋ ಇಲ್ಲವೋ. ಎದ್ದು ಕೋಲು ಊರಿದ್ರೆ ಬಲ ಭುಜ ಕಿವಿಗೆ ತಾಗೋ ಹಂಗೆ ಮೇಲೆದ್ದಿದೆ, ಮೊಣಕೈ ಪಕ್ಕಕ್ಕೆ ಹೊರಟಿದೆ. ನೋವಿರೋದು ಬಲ ಮಂಡಿ, ಕೋಲು ಹಿಡಿದಿರೋದೂ ಬಲಗೈಯಲ್ಲೇ. “ಚೆನ್ನಾಗೈತೆ ಬಿಡಪ್ಪ, ಹೊಸದು” ಅಂದಳು. ನಾನು ಇಸ್ಕೊಂಡು, ಕೆಳಗಿನ ಉಂಗುರ ಸಡಿಲ ಮಾಡಿ, ಆ ಚಿಕ್ಕ ಪಿತ್ತಾಳೆ ಗುಂಡಿ ಒತ್ತಿ ಒಳಗಿನ ಕೊಳವೆ ಮೇಲಕ್ಕೆ ಸರಿಸಿದೆ. ಟಕ್ ಅಂತ ಒಂದು ತೂತು, ಇನ್ನೊಂದು, ಮತ್ತೊಂದು. ಎಡಗೈಗೆ ಕೊಟ್ಟು “ಈಗ ನಡೀರಿ” ಅಂದೆ. ನಡೆದಳು. ಭುಜ ಇಳೀತು. ಇಷ್ಟು ಮಾಡೋಕೆ ಒಂದು ನಿಮಿಷ ಹಿಡೀಲಿಲ್ಲ ಸ್ವಾಮಿ. ಸ್ವಾಗತ ಭಾಷಣ ಎಷ್ಟು ಹೊತ್ತಾಯ್ತು ಅಂತ ಅಲ್ಲಿದ್ದವರನ್ನ ಕೇಳಿ.

ಅಳತೆ ಏನು ದೊಡ್ಡ ವಿದ್ಯೆ ಅಲ್ಲ. ದಿನಾ ಹಾಕೋ ಚಪ್ಪಲಿ ಹಾಕ್ಕೊಂಡು ನೆಟ್ಟಗೆ ನಿಲ್ಲಿಸಬೇಕು, ಕೈ ಸಡಿಲವಾಗಿ ಕೆಳಗೆ ಬಿಡಿಸಬೇಕು. ಮಣಿಕಟ್ಟಿನ ಗೆರೆ ಎಲ್ಲಿಗೆ ಬರುತ್ತೋ ಕೋಲಿನ ಹಿಡಿ ಅಲ್ಲಿಗೆ ಬರಬೇಕು. ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು, 20ರಿಂದ 30 ಡಿಗ್ರಿ. ವಾಕರ್‌ಗೂ ಇದೇ ಲೆಕ್ಕ. ಕಂಕುಳಲ್ಲಿ ಇಟ್ಕೊಳ್ಳೋ ಊರುಗೋಲಾದ್ರೆ ಕಂಕುಳಿಗೂ ಅದರ ತಲೆಗೂ ನಡುವೆ ಎರಡು ಮೂರು ಬೆರಳು ಜಾಗ ಇರಬೇಕು, ಭಾರ ಎಲ್ಲಾ ಅಂಗೈ ಮೇಲೆ ಬೀಳಬೇಕು. ಕಂಕುಳ ಮೇಲೇ ಜೋತುಬಿದ್ರೆ ಅಲ್ಲಿ ಹಾಯ್ದು ಹೋಗೋ ನರ ಒತ್ತಿ ಕೈ ಜೋಮು ಹಿಡಿಯುತ್ತೆ, ಮಣಿಕಟ್ಟು ಮೇಲೆತ್ತೋಕೇ ಆಗದಂಗೆ ಆಗೋದೂ ಉಂಟು. ಇದು ಪುಸ್ತಕದಲ್ಲಿ ಓದಿ ಹೇಳ್ತಿಲ್ಲ. ಎಂಟನೇ ಕ್ಲಾಸಿನಲ್ಲಿ ನನಗೆ ಕೊಟ್ಟಿದ್ದು ಯಾವನೋ ಆರಡಿ ಆಳಿನ ಊರುಗೋಲು. ಪರೀಕ್ಷೆ ಹಾಲ್‌ಗೆ ನಡ್ಕೊಂಡು ಹೋಗಿ ಕೂತ್ರೆ ಬೆರಳಿಗೆ ಪೆನ್ನು ಇರೋದೇ ಗೊತ್ತಾಗ್ತಿರಲಿಲ್ಲ. ನನ್ನ ಗಣಿತದ ಮಾರ್ಕ್ಸಿಗೆ ಅದೊಂದೇ ಕಾರಣ ಅಂತ ಮಾತ್ರ ಹೇಳಲ್ಲ.

ಇನ್ನು ಯಾವ ಕೈ ಅನ್ನೋದು. ಸಿನಿಮಾದಲ್ಲಿ, ನಾಟಕದಲ್ಲಿ, ಮನೇಲಿ, ಎಲ್ಲೆಲ್ಲೂ ನೋವಿರೋ ಕಾಲಿನ ಕಡೆಗೇ ಕೋಲು. ಹಿಡೀಬೇಕಾದ್ದು ಎದುರು ಕೈಯಲ್ಲಿ. ಬಲಗಾಲು ಎತ್ತಿಟ್ಟಾಗ ಎಡಗೈ ತಾನಾಗೇ ಮುಂದೆ ಹೋಗುತ್ತೆ, ಕೋಲೂ ಅದರ ಜೊತೆಗೇ ಹೋಗಿ ಊರುತ್ತೆ. ನೋವಿನ ಕಾಲ ಮೇಲೆ ಮೈ ನಿಂತಾಗ ದೂರದ ಕಡೆಯಿಂದ ಕೋಲು ಒತ್ತಾಸೆ ಕೊಡೋದ್ರಿಂದ ಸೊಂಟದ ಕೀಲಿಗೆ ಬೀಳೋ ಹೊರೆ ಇಳಿಯುತ್ತೆ. ಮೆಟ್ಟಿಲು ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಈ ಎರಡು ಮಾತು ಆ ಮೈಕಿನಲ್ಲಿ ಹೇಳಬಹುದಿತ್ತು. ಮೈಕು ಖಾಲಿ ಇದ್ರೆ ತಾನೇ.

ನನಗೆ ಇದು ಯಾಕಿಷ್ಟು ಉರಿಯುತ್ತೆ ಅಂದ್ರೆ, ಇದು ಬಳ್ಳಾರಿ ಕಣ್ರೀ! ದೇಶಕ್ಕೆಲ್ಲ ಜೀನ್ಸ್ ಹೊಲಿದು ಕಳಿಸೋ ಊರು. ಕೌಲ್ ಬಜಾರ್‌ನಲ್ಲಿ ಟೇಪು ಹಿಡಿಯೋಕೆ ಬರದ ಮನೆ ಹುಡುಕಿ ತೋರಿಸಿ. ಸೊಂಟ ಅರ್ಧ ಇಂಚು ಹೆಚ್ಚಾದ್ರೆ ಪಾರ್ಟಿ ಮಾಲು ವಾಪಸ್ ಕಳಿಸ್ತಾನೆ. 28, 30, 32, 34 ಅಂತ ಬೇರೆ ಬೇರೆ ಗಂಟು ಕಟ್ತೀವಿ. ಪ್ಯಾಂಟ್ ಸಡಿಲ ಆದ್ರೆ ಬೆಲ್ಟ್ ಹಾಕ್ಕೋಬಹುದು, ಬೀಳೋದು ಪ್ಯಾಂಟ್ ಅಷ್ಟೇ. ಕೋಲಿನ ಅಳತೆ ತಪ್ಪಿದ್ರೆ ಬೀಳೋದು ಮನುಷ್ಯ. ಎಪ್ಪತ್ತರ ವಯಸ್ಸಲ್ಲಿ ಬಿದ್ದು ತೊಡೆ ಮೂಳೆ ಮುರ್ಕೊಂಡವರ ಮನೆ ಎಂತ ಪರಿಸ್ಥಿತಿಗೆ ಬರುತ್ತೆ ಅಂತ ನಿಮಗೆ ನಾನು ಹೇಳಬೇಕಾ?

ಗೆಳೆಯರೊಬ್ಬರು ಮಧ್ಯಾಹ್ನವೇ ಫೋನ್ ಮಾಡಿ, “ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸ್ತೀಯಲ್ಲೋ” ಅಂದ್ರು. ಕೈಯಿಂದ ದುಡ್ಡು ಹಾಕಿ ಕೊಟ್ಟಿದ್ದಾರೆ, ಹಿಂಗೆ ಬರೆದ್ರೆ ನಾಳೆ ಯಾರೂ ಮುಂದೆ ಬರಲ್ಲ ಅಂತ. ಇರಬಹುದು, ಒಪ್ತೀನಿ. ಆದ್ರೆ ಶಾಲು, ಹಾರ, ಫ್ಲೆಕ್ಸು, ಊಟ ಇಷ್ಟಕ್ಕೂ ದುಡ್ಡಿತ್ತು. ಒಬ್ಬ ಫಿಜಿಯೋಥೆರಪಿಸ್ಟನ್ನ ಅರ್ಧ ದಿನ ಕರೆಸೋಕೆ ಇರಲಿಲ್ವಾ? ಸರ್ಕಾರದ ಯೋಜನೆಗಳಲ್ಲೂ, ಅಂಗವಿಕಲರಿಗೆ ಸಲಕರಣೆ ಕೊಡೋಕೆ 1981ರಿಂದ ಇರೋ ಅಡಿಪ್ ಆಗಲಿ, ಹಿರಿಯರಿಗೆ ಅಂತ 2017ರಲ್ಲಿ ಬಂದ ವಯೋಶ್ರೀ ಆಗಲಿ, ಮೊದಲು ತಪಾಸಣಾ ಶಿಬಿರ, ಆಮೇಲೆ ವಿತರಣೆ ಅನ್ನೋ ಕ್ರಮ ಇದೆ. ಯಾರಿಗೆ ಏನು ಬೇಕು ಅಂತ ಮೊದಲು ನೋಡು ಅಂತಲೇ. ನಾನು ಕೇಳ್ತಿರೋದೂ ಅಷ್ಟೇ. ಎಮ್ಮೆ ಹಲ್ಲು ಎಣಿಸ್ತೀನಿ, ಇನ್ನೂ ಎರಡು ಸಲ ಎಣಿಸ್ತೀನಿ.

ಬಿಳಿ ಕೋಲಿನ ಕಥೆ ಕೇಳಿದ್ರೆ ನಿಮಗೂ ರೇಗುತ್ತೆ. ಕಣ್ಣು ಪೂರ್ತಿ ಮಂದವಾದ ಒಬ್ಬ ತಾತ, ಮಂಡಿನೂ ಹೋಗಿದೆ. ಅವನ ಕೈಗೆ ಮಡಚೋ ಬಿಳಿ ಕೋಲು. ತಾತ ಅದರ ಮೇಲೆ ಭಾರ ಹಾಕಿ ವೇದಿಕೆ ಮೆಟ್ಟಿಲು ಇಳೀತಿದ್ದಾನೆ! ಒಳಗೆ ಎಲಾಸ್ಟಿಕ್ ದಾರ ಇರೋ ತೆಳ್ಳನೆ ತುಂಡುಗಳು ಅವು, ಊರೋಕೆ ಇರೋದಲ್ಲ, ತಡಕೋಕೆ ಇರೋದು. ಓಡಿ ಹೋಗಿ ಹಿಡಿಯೋಣ ಅಂದ್ರೆ ನಾನೇ ಕುಂಟ. ಪುಣ್ಯಕ್ಕೆ ಅಡುಗೆ ಹುಡುಗ ತೋಳು ಕೊಟ್ಟ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳ್ಕೊಂಡ ಸೈನಿಕರಿಗೆ ಅಂತ ಅಮೆರಿಕದಲ್ಲಿ ರಿಚರ್ಡ್ ಹೂವರ್ ಅನ್ನೋರು ಉದ್ದ ಕೋಲಿನ ನಡಿಗೆ ರೂಪಿಸಿದ್ರು. ಕೋಲು ಹೆಚ್ಚುಕಡಿಮೆ ಎದೆಮಟ್ಟ ಇರಬೇಕು, ತುದಿ ಭುಜದಗಲಕ್ಕಿಂತ ಚೂರು ಹೆಚ್ಚು ಅತ್ತಿತ್ತ ಆಡಬೇಕು, ಎಡಗಾಲು ಮುಂದಿಟ್ಟಾಗ ತುದಿ ಬಲಕ್ಕೆ ತಾಗಬೇಕು, ಮುಂದಿನ ಹೆಜ್ಜೆ ಬೀಳೋದು ಅಲ್ಲಿಗೇ ಅಲ್ವಾ. ಇದನ್ನ ಕಲಿಸಬೇಕು, ದಿನಗಟ್ಟಲೆ ಕೈ ಹಿಡಿದು ಕಲಿಸಬೇಕು. ಅಕ್ಟೋಬರ್ 15 ಬಂದ್ರೆ ಬಿಳಿ ಕೋಲಿನ ದಿನ ಅಂತ ಜಾಥಾ ಮಾಡ್ತೀವಿ, ಬೆಂಗಳೂರು ರೋಡ್‌ನಲ್ಲಿ ಆ ಕೋಲು ಹಿಡಿದು ಬರೋನ ಎದುರಿಗೇ ಬೈಕ್ ಸ್ಟ್ಯಾಂಡ್ ಹಾಕ್ತೀವಿ. ಆ ತಾತನಿಗೆ ಬೇಕಿದ್ದದ್ದು ಭಾರ ತಡೆಯೋ ಗಟ್ಟಿ ಬಿಳಿ ಊರುಗೋಲು. ಅಂಥದ್ದೂ ಇದೆ. ಕೇಳೋರು ಯಾರು?

ಒಂದು ವಿಷಯ ಹೇಳ್ಬಿಡ್ತೀನಿ, ನಗಬೇಡಿ. ನನ್ನ ಮದುವೆ ಆಲ್ಬಮ್‌ನಲ್ಲಿ ಒಂದು ಫೋಟೋದಲ್ಲೂ ಊರುಗೋಲು ಇಲ್ಲ. ಪ್ರತಿ ಕ್ಲಿಕ್ಕಿಗೂ ನನ್ನ ತಮ್ಮ ಅದನ್ನ ಕಂಬದ ಹಿಂದೆ ಹಿಡ್ಕೊಂಡು ನಿಂತಿದ್ದ. ದೇಶ ಪೋಲಿಯೋ ಮುಕ್ತ ಅಂತ 2014ರಲ್ಲಿ ಸರ್ಟಿಫಿಕೇಟ್ ಸಿಕ್ತು, ನನ್ನ ಕಾಲಿಗೆ ಸುದ್ದಿ ಮುಟ್ಟಿಲ್ಲ. ಈಗ ನಾಚಿಕೆ ಹೋಗಿದೆ, ಹೋಗೋಕೆ ಕಾರಣ ಏನು ಗೊತ್ತಾ? ಮೈಗೆ ಸರಿಯಾಗಿ ಕೂರೋ ಒಂದು ಮೊಣಕೈ ಊರುಗೋಲು ಸಿಕ್ಕಿದ್ದು. ಸರಿಯಾದ ಅಳತೆದು ಹಿಡಿದ್ರೆ ನೆಟ್ಟಗೆ ನಿಲ್ತೀವಿ, ಎದುರಿನವನ ಮುಖ ನೋಡಿ ಮಾತಾಡ್ತೀವಿ. ಇಲ್ಲದಿದ್ರೆ ಬರೀ ಅವನ ಚಪ್ಪಲಿ ಕಾಣುತ್ತೆ.

ಬಳ್ಳಾರಿಯಲ್ಲಿರೋರು ಅಪ್ಪ ಅಮ್ಮನ ಕೋಲು ತಗೊಂಡು, ಅವರನ್ನೂ ಕರ್ಕೊಂಡು, ಭಾನುವಾರ ನಮ್ಮನೆಗೆ ಬನ್ನಿ, ನೋಡಿ ಕೊಡ್ತೀನಿ. ಸೊಂಟದ ಆಪರೇಷನ್ ಆದವರು, ತಲೆ ತಿರುಗಿ ಬೀಳೋರು ನನ್ನ ಹತ್ರ ಬರಬೇಡಿ, ಡಾಕ್ಟರ್ ಹತ್ರ ಹೋಗಿ. ಬುಡದ ರಬ್ಬರ್ ತಿರುಗಿಸಿ ನೋಡಿ, ಉಂಗುರ ಉಂಗುರ ಗೆರೆ ಸವೆದು ನುಣ್ಣಗಾಗಿದ್ರೆ ಟೈಲ್ಸ್ ಮೇಲೆ ಜಾರುತ್ತೆ, ಬದಲಾಯಿಸಿ. ಅಂಗಡಿಗೆ ಹಳೇ ಕೋಲೇ ತಗೊಂಡು ಹೋಗಿ, ರಬ್ಬರಿನ ಸೈಜು ಬೇರೆ ಬೇರೆ ಇರುತ್ತೆ. ಮರದ ಕೋಲಾದ್ರೆ ಬಡಗಿ ಹತ್ರ ಕೊಯ್ಸಿ, ಕೊಯ್ಯೋ ಮೊದಲು ರಬ್ಬರಿನ ದಪ್ಪ ಲೆಕ್ಕಕ್ಕೆ ಹಿಡಿದು ಗುರುತು ಹಾಕಿ. ಕೊಯ್ದ ಮೇಲೆ ಕಟಿಂಗ್ ಮಾಸ್ಟರ್ ಕೈಯಲ್ಲೂ ಏನೂ ಆಗಲ್ಲ.